ಮಾಸಾಶನ ಮೀಮಾಂಸೆ: 32,000ದ ಸೂತ್ರಕ್ಕೆ ಒಬ್ಬ ದರ್ಜಿಯ ಭಾಷ್ಯ

ಶಾಸ್ತ್ರಗ್ರಂಥಗಳಲ್ಲಿ ಸೂತ್ರ ಎಷ್ಟು ಚಿಕ್ಕದೋ ಭಾಷ್ಯ ಅಷ್ಟು ದಪ್ಪ. ನಾನು ಭಾಷ್ಯ ಬರೆಯಲು ಕೂತಿರುವ ಸೂತ್ರ ಒಂದೇ ಸಾಲಿನದು: ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಿರಬಾರದು. ಕರ್ನಾಟಕದಲ್ಲಿ ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿದವರಿಗೆಲ್ಲ ಇದು ಬಾಯಿಪಾಠ. ಸೂತ್ರಕಾರ ಯಾರು, ಯಾವ ಊರಿನವನು, ದಿನಕ್ಕೆ ಎಷ್ಟು ಹೊತ್ತು ಉಣ್ಣುತ್ತಿದ್ದ ಎಂಬ ವಿವರಗಳು ಲಭ್ಯವಿಲ್ಲ. ಮಹಾಗ್ರಂಥಗಳ ಕರ್ತೃಗಳ ವಿಷಯದಲ್ಲಿ ಹೀಗಾಗುವುದು ಸಹಜ.

ಭಾಷ್ಯಕಾರ ತನ್ನ ಯೋಗ್ಯತೆಯನ್ನು ಮೊದಲೇ ಅರಿಕೆ ಮಾಡಿಕೊಳ್ಳುವುದು ಪದ್ಧತಿ. ನಾನು ಲೇಡೀಸ್ ಟೈಲರ್. ಎರಡನೇ ವಯಸ್ಸಿನಲ್ಲಿ ಎಡಗಾಲನ್ನು ಪೋಲಿಯೊಗೆ ಒಪ್ಪಿಸಿದವನು. ಈ ದೇಶದಲ್ಲಿ ವೈಲ್ಡ್ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. ಅಂದರೆ ನಮ್ಮ ಗುರುಪರಂಪರೆಗೆ ಇನ್ನು ಹೊಸ ಶಿಷ್ಯರಿಲ್ಲ. ಇರುವವರು ಇರುವಾಗಲೇ ಭಾಷ್ಯ ಬರೆದಿಟ್ಟುಬಿಡೋಣ ಅಂತ ಹೊರಟಿದ್ದೇನೆ.

ಮೊದಲು ಪದಚರ್ಚೆ. ನಾನು ಹುಡುಗನಾಗಿದ್ದಾಗ ಕುಂಟ. ಶಾಲೆಯ ರಿಜಿಸ್ಟರಿನಲ್ಲಿ ಅಂಗವಿಕಲ. ಆಮೇಲೆ ಇಲಾಖೆಯ ಬೋರ್ಡು ಬದಲಾಗಿ ವಿಕಲಚೇತನನಾದೆ. ನನಗೆ ವಿಕಲವಾದದ್ದು ಕಾಲು, ಚೇತನವಲ್ಲ ಎಂದು ಆಕ್ಷೇಪ ಎತ್ತುವಷ್ಟರಲ್ಲಿ ವಿಶೇಷಚೇತನನಾಗಿದ್ದೆ. 2015ರ ಡಿಸೆಂಬರಿನಲ್ಲಿ ದೆಹಲಿಯಿಂದ ದಿವ್ಯಾಂಗ ಎಂಬ ಪದ ಬಂತು. ಇಷ್ಟೊಂದು ಬಡ್ತಿ ನನ್ನ ಜೊತೆ ಓದಿದ, ಎರಡೂ ಕಾಲು ನೆಟ್ಟಗಿರುವ ಯಾವ ನೌಕರನಿಗೂ ಸಿಕ್ಕಿಲ್ಲ. ಸಿಗುವ ದುಡ್ಡಿಗೂ ಸರ್ಕಾರಿ ಹೆಸರು ಮಾಸಾಶನ, ಅಂದರೆ ತಿಂಗಳ ಊಟ. ನಮ್ಮ ಬೀದಿಯಲ್ಲಿ ಮಾತ್ರ ಅದಕ್ಕೆ ಸಂಬಳ ಎನ್ನುತ್ತಾರೆ. "ಅಣ್ಣಾ, ಈ ತಿಂಗಳ ಸಂಬಳ ಬಂತಾ?" ಎಂದು ಎದುರು ಮನೆಯ ಹುಡುಗ ಕೇಳುತ್ತಾನೆ. ದುಡಿದರೆ ನಿಂತುಹೋಗುವ ಸಂಬಳ ಇದೊಂದೇ ಇರಬೇಕು.

ಇನ್ನು ಪ್ರಮಾಣವಿಚಾರ. ಮನುಷ್ಯ ಎಷ್ಟು ಪರ್ಸೆಂಟ್ ವಿಕಲ ಎಂದು ತಿಳಿಯುವುದು ಹೇಗೆ? ಇಲ್ಲಿ ನನ್ನ ವೃತ್ತಿ ನೆರವಿಗೆ ಬರುತ್ತದೆ, ಏಕೆಂದರೆ ವೈದ್ಯರೂ ಟೇಪಿನಲ್ಲೇ ಅಳೆಯುತ್ತಾರೆ. ಸೊಂಟದ ಮೂಳೆಯ ಮುಂದಿನ ಗುಬುಟಿನಿಂದ ಪಾದದ ಒಳಗೆಣ್ಣಿನವರೆಗೆ, ಎರಡೂ ಕಾಲು. ಜಿಲ್ಲಾಸ್ಪತ್ರೆಯೊಂದರಲ್ಲಿ ನನ್ನನ್ನು ಅಳೆದ ಡಾಕ್ಟರರು ಟೇಪನ್ನು ಸಡಿಲವಾಗಿ ಹಿಡಿದಿದ್ದರು. "ಸಾರ್, ಸ್ವಲ್ಪ ಬಿಗಿ ಹಿಡೀರಿ, ಕಾಲಿಂಚು ತಪ್ಪುತ್ತೆ" ಅಂದೆ. ನಕ್ಕು ಬಿಗಿ ಹಿಡಿದರು. ವ್ಯತ್ಯಾಸ ಎರಡೂವರೆ ಇಂಚು. ಅವರು ಅಂದು ಅನುಸರಿಸಿದ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಮೊದಲ ಅರ್ಧ ಇಂಚಿಗೆ ಸೊನ್ನೆ, ಆಮೇಲೆ ಪ್ರತಿ ಅರ್ಧ ಇಂಚಿಗೆ 4 ಪರ್ಸೆಂಟ್. ಅಂದರೆ ಗಿಡ್ಡಕ್ಕೆ ನನಗೆ ದಕ್ಕಿದ್ದು 16. ಉಳಿದದ್ದು ಸ್ನಾಯುಗಳ ಲೆಕ್ಕ. ಮೊದಲ ಅರ್ಧ ಇಂಚಿಗೆ ಏಕೆ ಸೊನ್ನೆ ಎಂದು ಜಗಳ ಆಡುವವರಿದ್ದಾರೆ. ನಾನು ಆಡುವುದಿಲ್ಲ. ಅರ್ಧ ಇಂಚು ಒಳಗೆ ಮಡಚುವುದು ನಮ್ಮ ಕಸುಬಿನಲ್ಲೂ ಇದೆ, ಅದಕ್ಕೆ ಮಾರ್ಜಿನ್ ಎನ್ನುತ್ತೇವೆ. ಬಟ್ಟೆಗೆ ಮಾರ್ಜಿನ್ ಬಿಟ್ಟರೆ ಮುಂದೆ ದಪ್ಪ ಆದಾಗ ಬಿಚ್ಚಿ ಹೊಲಿಯಬಹುದು. ಕಾಲಿಗೆ ಬಿಟ್ಟ ಮಾರ್ಜಿನ್ ಬಿಚ್ಚುವುದು ಯಾವಾಗ ಎಂದು ಮಾತ್ರ ಕೇಳಬೇಕೆನಿಸಿತ್ತು. ಹಿಂದೆ ನಲವತ್ತು ಜನ ನಿಂತಿದ್ದರು.

ಎರಡೆರಡು ತೊಂದರೆ ಇದ್ದವರ ಗಣಿತ ಇನ್ನೂ ಸೂಕ್ಷ್ಮ. ಕೂಡುವ ಹಾಗಿಲ್ಲ. ದೊಡ್ಡ ಅಂಕಿ ‘ಅ’, ಚಿಕ್ಕದು ‘ಬ’ ಆದರೆ, 90ರಲ್ಲಿ ಅ ಕಳೆದು, ಬ-ಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ಅ-ಗೆ ಸೇರಿಸಬೇಕು. ಕಾಲು 45, ಕಿವಿ 30 ಇದ್ದವನು ಸಂತೆಯ ಲೆಕ್ಕದಲ್ಲಿ 75. ಶಾಸ್ತ್ರದ ಲೆಕ್ಕದಲ್ಲಿ 60. ನಮ್ಮ ಮಾಸಾಶನದಲ್ಲಿ 75 ಮುಟ್ಟಿದವರ ದರ್ಜೆ ಬೇರೆ, ಮೊತ್ತ ಹೆಚ್ಚು. ಅಲ್ಲಿಗೆ ಆ 15 ಎಲ್ಲಿ ಹೋಯಿತು ಎಂಬುದು ಕೇವಲ ತತ್ತ್ವಪ್ರಶ್ನೆಯಲ್ಲ. 40ರಿಂದ 75ರ ಒಳಗಿನವರಿಗೆಲ್ಲ ತಿಂಗಳಿಗೆ ಒಂದೇ ಮೊತ್ತ. 2021ರ ಜುಲೈಯಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ದಿನವೇ ಅದನ್ನು 600ರಿಂದ 800ಕ್ಕೆ ಏರಿಸಿ ಘೋಷಿಸಿದರು. ಅದೇ ದಿನ ವಿಧವಾ ವೇತನವೂ 800 ಆಯಿತು, ವೃದ್ಧರ ಸಂಧ್ಯಾ ಸುರಕ್ಷಾ 1,200 ಆಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಮಿನಲ್ಲಿ, ಇತರರಿಗೆ ಕೊಡುವ ಅಂಥದೇ ಯೋಜನೆಗಿಂತ ವಿಕಲಚೇತನರಿಗೆ ಕನಿಷ್ಠ ಶೇ. 25ರಷ್ಟು ಹೆಚ್ಚು ಕೊಡಬೇಕು ಎಂದಿದೆ. ಇದು ಪ್ರಕ್ಷಿಪ್ತ ಶ್ಲೋಕವಿರಬಹುದೇ ಎಂದು ನನಗೆ ಗುಮಾನಿ. ಮೂಲದಲ್ಲಿದೆ, ಆಚರಣೆಯಲ್ಲಿ ಯಾರೂ ಪಠಿಸುವುದಿಲ್ಲ.

ಈಗ ಸೂತ್ರಕ್ಕೆ ಬರೋಣ. 32,000ವನ್ನು 365ರಿಂದ ಭಾಗಿಸಿದರೆ ದಿನಕ್ಕೆ 87 ರೂಪಾಯಿ 67 ಪೈಸೆ. ನನ್ನ ಅಂಗಡಿಯಲ್ಲಿ ಸೀರೆಗೆ ಫಾಲ್ ಹಾಕಿ ಜಿಗ್‌ಜಾಗ್ ಮಾಡಲು 80 ರೂಪಾಯಿ. ಆದ್ದರಿಂದ ದಿನಕ್ಕೆ ಒಂದು ಫಾಲ್ ಹಾಕಿದವನು ಬಡವ. ಮಿಕ್ಕ 7 ರೂಪಾಯಿ 67 ಪೈಸೆಯಲ್ಲಿ ಒಂದೆರಡು ಗುಂಡಿ ಹೊಲಿಯಬಹುದು, ಕಾಜಾಕ್ಕೆ ಕೈ ಹಾಕಕೂಡದು. ಲೈನಿಂಗ್ ಬ್ಲೌಸಿಗೆ 300. ವರ್ಷಕ್ಕೆ 106 ಬ್ಲೌಸು ದಾಟಿದರೆ ಬಡತನ ಮುಗಿಯುತ್ತದೆ. ವರಮಹಾಲಕ್ಷ್ಮಿ, ಗೌರಿಹಬ್ಬ, ದಸರಾ ಈ ಮೂರರಲ್ಲೇ ನೂರಾರು ದಾಟುತ್ತದೆ. ದೀಪಾವಳಿಗೆ ಬ್ಲೌಸ್ ಪೀಸ್ ಹಿಡಿದು ಬರುವ ಹೆಂಗಸರು ಲಕ್ಷ್ಮೀಸ್ವರೂಪರಾದರೂ ಶಾಸ್ತ್ರದೃಷ್ಟಿಯಿಂದ ನನಗೆ ಶತ್ರುಗಳು. ಇಲ್ಲಿ ದಾರ, ಹುಕ್ಕು, ಲೈನಿಂಗ್ ಬಟ್ಟೆ, ಕರೆಂಟು ಬಿಲ್ಲು ಕಳೆದ ಮೇಲೆ ಉಳಿದದ್ದು ಆದಾಯವೋ, ಕೈಗೆ ಬಂದದ್ದೆಲ್ಲ ಆದಾಯವೋ ಎಂಬ ದ್ವೈತಾದ್ವೈತದ ಜಗಳ ಇದೆ. ಕಾಜಾ ಹೊಲಿಯುವವಳು ನನ್ನ ಹೆಂಡತಿ. ಸೂತ್ರದಲ್ಲಿ ‘ಕುಟುಂಬದ’ ಎಂದಿರುವುದರಿಂದ ಅವಳ ಬೆರಳೂ ಲೆಕ್ಕಕ್ಕೆ ಸೇರಿತು.

ಪೂರ್ವಪಕ್ಷದವರು ಹೇಳುತ್ತಾರೆ: ಅಂಗಡಿ ಇಟ್ಟವನ ಮಾತು ಬಿಡು, ಕೂಲಿಯವನ ಮಾತಾಡು. ಆಗಲಿ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆಗ ಒಂದು ಮನೆಗೆ 100 ದಿನದ ಕೆಲಸದ ಖಾತರಿ ಇತ್ತು. ವಿಕಲಚೇತನರು ಬಂದರೆ ಕೆಲಸದ ಪ್ರಮಾಣದಲ್ಲಿ ಅರ್ಧ ರಿಯಾಯಿತಿ, ಕೂಲಿ ಪೂರ್ತಿ ಸಿಗುತ್ತಿತ್ತು. ಈ ಒಂದು ವಿಷಯದಲ್ಲಿ ಸರ್ಕಾರವನ್ನು ಮನಸಾರೆ ಹೊಗಳುತ್ತೇನೆ. 86 ದಿನ ದುಡಿದರೆ 31,820. ಆ ರಾತ್ರಿ ಬಡವನಾಗಿಯೇ ಮಲಗುತ್ತಾನೆ. 87ನೇ ದಿನ ಮಧ್ಯಾಹ್ನ ಕೆರೆ ಏರಿಯ ಮೇಲೆ ಬುತ್ತಿ ಬಿಚ್ಚುವ ಹೊತ್ತಿಗೆ 32,000 ದಾಟಿ ಅನುಕೂಲಸ್ಥನಾಗಿರುತ್ತಾನೆ. ಮುದ್ದೆ ಅದೇ, ಉಪ್ಪೆಸರು ಅದೇ. ನೂರು ದಿನವೂ ದುಡಿದರೆ 37,000. ಅಂದರೆ ಬಡವರಿಗೆಂದು ಸರ್ಕಾರವೇ ಕೊಡುವ ಕೆಲಸವನ್ನು ಪೂರ್ತಿ ಮಾಡಿದವನು ಸರ್ಕಾರದ ಲೆಕ್ಕದಲ್ಲೇ ಬಡವನಲ್ಲ. ಪೂರ್ವಪಕ್ಷ ಇಲ್ಲಿಗೆ ನಿರಸ್ತ.

ಮುಂದಿನದನ್ನು ನಾನು ‘ಒಂದು ರೂಪಾಯಿಯ ಹಳ್ಳ’ ಎಂದು ಕರೆದಿದ್ದೇನೆ, ಬೇರೆ ಯಾರಾದರೂ ಕರೆದಿದ್ದರೆ ಕ್ಷಮೆ ಇರಲಿ. ವರ್ಷಕ್ಕೆ 32,000 ದುಡಿದವನಿಗೆ ಮಾಸಾಶನದ 9,600 ಸೇರಿ 41,600. 32,001 ದುಡಿದವನಿಗೆ 32,001. ಆ ಮೇಲಿನ ಒಂದು ರೂಪಾಯಿಯ ಬೆಲೆ 9,600. ಹಳ್ಳ ದಾಟಿ ಮೊದಲಿನ ಜಾಗಕ್ಕೆ ಬರಬೇಕಾದರೆ ಇನ್ನೂ 32 ಬ್ಲೌಸ್ ಹೊಲಿಯಬೇಕು, ಆ 32 ಬ್ಲೌಸಿನ ಕೂಲಿ ಕಣ್ಣಿಗೂ ಕಾಣುವುದಿಲ್ಲ. ಹಾಗಾದರೆ ಬುದ್ಧಿವಂತ ಏನು ಮಾಡಬೇಕು? 106ನೇ ಬ್ಲೌಸಿಗೆ ಮೋಟಾರ್ ಆಫ್ ಮಾಡಿ ಏಪ್ರಿಲ್ ಒಂದರವರೆಗೆ ಜಗಲಿಯಲ್ಲಿ ಕೂರಬೇಕು. ದಾರಿಹೋಕರು, ನೋಡು, ಸರ್ಕಾರದ ದುಡ್ಡು ತಿಂದು ಸೋಮಾರಿಯಾಗಿದ್ದಾನೆ ಅನ್ನುತ್ತಾರೆ. ಅವರ ಮಾತೂ ಶಾಸ್ತ್ರಕ್ಕೆ ವಿರುದ್ಧವಲ್ಲ.

ಅಂದ ಹಾಗೆ ಆ ಯಂತ್ರ ಕೊಟ್ಟದ್ದು ಯಾರು? ಸರ್ಕಾರವೇ. ಒಂದು ಇಲಾಖೆಯ ಹೊಲಿಗೆ ಯಂತ್ರ ಯೋಜನೆ. ಸಮಾರಂಭ, ಹಾರ, ಫೋಟೊ, ‘ಸ್ವಾವಲಂಬಿಗಳಾಗಿ’ ಎಂಬ ಭಾಷಣ. ಅದೇ ಇಲಾಖೆ ಪೆಟ್ಟಿಗೆ ಅಂಗಡಿ ಇಟ್ಟುಕೊಳ್ಳಲು ‘ಆಧಾರ’ ಎಂಬ ಸಾಲದ ಯೋಜನೆಯನ್ನೂ ಮಾಡಿದೆ. ಮಾಸಾಶನ ಕೊಡುವುದು ಇನ್ನೊಂದು, ಕಂದಾಯ ಇಲಾಖೆ. ಒಂದು ಕೈ ದುಡಿ ಎಂದು ಯಂತ್ರ ಕೊಟ್ಟಿತು, ಇನ್ನೊಂದು ಕೈ ದುಡಿದೆಯಾ ಎಂದು ಕಿವಿ ಹಿಡಿಯಿತು. ಎರಡು ಕೈಗೂ ಪರಿಚಯವಿಲ್ಲ, ಒಬ್ಬನೇ ಮನುಷ್ಯನ ಕೈಗಳೆಂಬುದು ಅವುಗಳಿಗೆ ತಿಳಿಯದು. ಇದರ ಆಚೆಗೆ ದೆಹಲಿಯಲ್ಲಿ ಮೂರನೆಯ ಕೈಯೊಂದಿದೆ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಶೇ. 40 ಅಥವಾ ಅದಕ್ಕೂ ಮೇಲಿನ ವಿಕಲಚೇತನ ತನ್ನ ಆದಾಯದಲ್ಲಿ 75,000 ರೂಪಾಯಿ ಕಳೆದು ತೆರಿಗೆ ಕಟ್ಟಬಹುದು, ಶೇ. 80 ಮುಟ್ಟಿದರೆ 1,25,000. ನನ್ನ ಇಡೀ ವರ್ಷದ ಶಾಸ್ತ್ರಸಮ್ಮತ ಆದಾಯವನ್ನು ಎರಡು ಸಲ ಕಳೆದರೂ ಈ ರಿಯಾಯಿತಿ ಇನ್ನೂ 11,000 ಮಿಗುತ್ತದೆ. ಅದನ್ನು ಯಾರಿಗಾದರೂ ಕಡ ಕೊಡಬಹುದೇ ಎಂದು ಆಡಿಟರೊಬ್ಬರನ್ನು ವಿಚಾರಿಸಿದೆ. ಅವರು ನನ್ನ ಕಾಲು ನೋಡಿದರು, ಆಮೇಲೆ ಮುಖ ನೋಡಿದರು.

ಪರದೇಶದ ಗ್ರಂಥಗಳನ್ನು ನೋಡದೆ ಪ್ರಬಂಧ ಪೂರ್ತಿಯಾಗದು ಎಂಬ ನಿಯಮವಿರುವುದರಿಂದ ಒಂದು ಮಾತು. ಅಮೆರಿಕದಲ್ಲಿ ವಿಕಲಾಂಗ ವಿಮೆಯ ಪಿಂಚಣಿ ಪಡೆಯುವವನು ಒಂಬತ್ತು ತಿಂಗಳು ಎಷ್ಟು ದುಡಿದರೂ ಪಿಂಚಣಿ ನಿಲ್ಲುವುದಿಲ್ಲ, ಕೆಲಸ ಕೈಹಿಡಿಯುತ್ತದೋ ನೋಡಿಕೋ ಎಂದು ಬಿಡುತ್ತಾರೆ. ಬಡವರಿಗೆಂದೇ ಇರುವ ಇನ್ನೊಂದು ಯೋಜನೆಯಲ್ಲಿ ದುಡಿದ ಮೊದಲ 65 ಡಾಲರ್ ಮುಟ್ಟುವುದಿಲ್ಲ, ಆಮೇಲೆ ಎರಡು ಡಾಲರಿಗೆ ಒಂದರಂತೆ ಇಳಿಸುತ್ತಾರೆ. ಹಳ್ಳದ ಬದಲು ಇಳಿಜಾರು ಕಟ್ಟಿದ್ದಾರೆ. ಮೂರು ಚಕ್ರದ ಗಾಡಿಯವರಿಗೆ ಇಳಿಜಾರಿನ ಮಹತ್ವ ಬಿಡಿಸಿ ಹೇಳಬೇಕಿಲ್ಲ. ಹಾಗೆಂದು ಅವರನ್ನು ಪೂರ್ತಿ ಹೊಗಳುವಂತೆಯೂ ಇಲ್ಲ. ಆ ಯೋಜನೆಯಲ್ಲಿ ಒಂಟಿ ಮನುಷ್ಯನ ಬಳಿ 2,000 ಡಾಲರಿಗಿಂತ ಹೆಚ್ಚು ಉಳಿತಾಯ ಇರಕೂಡದು, ಆ ಅಂಕಿ 1989ರಿಂದ ಮಿಸುಕಿಲ್ಲ. ಸೂತ್ರಕಾರರು ಎಲ್ಲ ಕಡೆಯೂ ಒಂದೇ ಗುರುಕುಲದವರು.

ಇಷ್ಟು ಕಠಿಣ ಸೂತ್ರವಿದ್ದರೂ ಜನ ಹೇಗೆ ಬದುಕಿದ್ದಾರೆ ಎಂಬುದಕ್ಕೆ ಪ್ರತ್ಯಕ್ಷ ಪ್ರಮಾಣ ಕೊಡುತ್ತೇನೆ. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಹೋದ ಸಲ ಅರ್ಜಿ ಹಾಕಿದಾಗ ಗ್ರಾಮ ಲೆಕ್ಕಿಗರು ವಿಚಾರಣೆಗೆ ನನ್ನಲ್ಲಿಗೇ ಬಂದರು. ಈಗ ಅವರ ಹುದ್ದೆಗೂ ಗ್ರಾಮ ಆಡಳಿತಾಧಿಕಾರಿ ಎಂದು ಹೆಸರು ಬದಲಾಗಿದೆ. ಬಡ್ತಿಯ ವಿಷಯದಲ್ಲಿ ನಾವಿಬ್ಬರೂ ಸಮಾನದುಃಖಿಗಳು. ಸ್ಟೂಲಿನ ಮೇಲೆ ಕೂತು ಅರ್ಜಿ ತೊಡೆಯ ಮೇಲಿಟ್ಟುಕೊಂಡರು. ಯಂತ್ರ ಓಡುತ್ತಿತ್ತು, ನಿಲ್ಲಿಸಿದೆ.

"ತಿಂಗಳಿಗೆ ಎಷ್ಟಾಗುತ್ರೀ?"

"ಆಗುತ್ತೆ ಸಾರ್, ಹೋಗುತ್ತೆ."

"ಎಷ್ಟು ಅಂತ ಬರೀಲಿ?"

"ತಿಳಿದವರು ನೀವು. ನಾನೇನು ಹೇಳಲಿ."

ಅವರು ತಲೆಯೆತ್ತಿ ನೋಡಿದರು. ತಂತಿಯ ಮೇಲೆ ಹ್ಯಾಂಗರಿನಲ್ಲಿ ಹನ್ನೊಂದು ಬ್ಲೌಸು ಸಾಲಾಗಿ ತೂಗುತ್ತಿದ್ದವು. ಎಡದಿಂದ ನಾಲ್ಕನೆಯದು, ನವಿಲುಬಣ್ಣದ್ದು, ತೋಳಿಗೆ ಜರಿ ಪಟ್ಟಿಯದು, ಅವರ ಮನೆಯವರದು. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಸ್ವಲ್ಪ ಹೊತ್ತು ಇಬ್ಬರೂ ಫ್ಯಾನು ನೋಡಿದೆವು.

"ಮೂವತ್ತು ಸಾವಿರ ಅಂತ ಹಾಕ್ತೀನಿ."

"ಹಾಕಿ ಸಾರ್."

ಬರೆದರು, ಪೆನ್ನು ಜೇಬಿಗೆ ಸಿಕ್ಕಿಸಿದರು. ಅದೇ ಜೇಬಿನಿಂದ 300 ರೂಪಾಯಿ ತೆಗೆದು ಮೇಜಿನ ಮೇಲಿಟ್ಟರು. ಬೇಡ ಅಂದೆ. "ತಗೊಳ್ರೀ, ದುಡಿದದ್ದಕ್ಕೆ ತಗೋಬೇಕು" ಅಂದು ಬ್ಲೌಸನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಹೋದರು. ಒಳ್ಳೆಯ ಮನುಷ್ಯ. ಅವರು ಬರೆದ 30,000ದಲ್ಲಿ ಆ 300 ಸೇರಿದೆಯೋ ಇಲ್ಲವೋ ಎಂಬ ಬಗ್ಗೆ ಆಮೇಲೆ ನನ್ನ ಹೆಂಡತಿಗೂ ನನಗೂ ವಾದವಾಯಿತು.

ಸಿದ್ಧಾಂತ ಇಷ್ಟೇ: ದುಡಿಯದಿದ್ದರೆ 800ರಲ್ಲಿ ಬದುಕಲಾಗದು, ದುಡಿದರೆ 800 ಉಳಿಯದು. ಆದ್ದರಿಂದ ನಮ್ಮ ಪಂಗಡದವರೆಲ್ಲ ದುಡಿಯುತ್ತೇವೆ, ಆದರೆ ದುಡಿಮೆ ಕಾಣದ ಹಾಗೆ. ಪಿಸಿಓ ಬೂತಿನಲ್ಲಿದ್ದವರು ಈಗ ಮೊಬೈಲ್ ರಿಪೇರಿ ಮಾಡುತ್ತಾರೆ, ಅಣ್ಣನ ಹೆಸರಲ್ಲಿ. ಟ್ಯೂಷನ್ ಹೇಳುವವಳು ಫೀಸನ್ನು ಅಕ್ಕಿಯಲ್ಲಿ ತೆಗೆದುಕೊಳ್ಳುತ್ತಾಳೆ. ಪಂಚಾಯಿತಿಯಲ್ಲಿ ನಮ್ಮ ಅರ್ಜಿಗಳನ್ನು ತುಂಬಿಕೊಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ (ವಿ.ಆರ್.ಡಬ್ಲ್ಯು.) ಕೂಡ ನಮ್ಮವನೇ, ಅವನಿಗೆ ಬರುವುದಕ್ಕೆ ಸಂಬಳ ಎನ್ನುವಂತಿಲ್ಲ, ಗೌರವಧನ. ಬೀದಿಯವರು ಮಾಸಾಶನಕ್ಕೆ ಸಂಬಳ ಎನ್ನುತ್ತಾರೆ, ಸರ್ಕಾರ ಸಂಬಳಕ್ಕೆ ಗೌರವ ಎನ್ನುತ್ತದೆ.

ನನ್ನ ಅಂಗಡಿಗೂ ಇದೇ ಕಾರಣಕ್ಕೆ ಬೋರ್ಡಿಲ್ಲ. ಬೋರ್ಡು ಬರೆಸಲು ಪೇಂಟರು 1,500 ಕೇಳಿದ. ಜೊತೆಗೆ ಅದು ಸಾಕ್ಷಿಯೂ ಆಗುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಬ್ಲೌಸ್ ಬೇಕಾದವರು ಹದಿನೈದು ದಿನ ಮುಂಚೆ ಬಟ್ಟೆ ಕೊಡಿ, ಅಳತೆ ಬ್ಲೌಸ್ ಜೊತೆಗಿರಲಿ. ನಾಡಕಚೇರಿಯ ಹಿಂದಿನ ಗಲ್ಲಿ, ನೀಲಿ ಬಾಗಿಲು. ಯಾರನ್ನು ಕೇಳಿದರೂ ತೋರಿಸುತ್ತಾರೆ, ಕಚೇರಿಯವರನ್ನು ಕೇಳಿದರೂ ಸರಿ.