ಶಿಥಿಲಕಟ್ಟಡ ಮೀಮಾಂಸೆ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಸಾಧಿಸುವುದರಲ್ಲೇ ನಮ್ಮ ತಾರ್ಕಿಕರ ಆಯುಸ್ಸು ಕಳೆಯಿತು. ಗೋಡೆಯಲ್ಲಿ ಬಿರುಕು ಕಂಡರೆ ಏನೆಂದು ಊಹಿಸಬೇಕು ಎಂಬ ಶೇಷಪ್ರಶ್ನೆಯನ್ನು ಅವರು ಮುಂಬಯಿ ಮಹಾನಗರಪಾಲಿಕೆಗೆ ಬಿಟ್ಟುಹೋದರು. ಪಾಲಿಕೆಯ ಮೂಲಗ್ರಂಥ 1888ರ ಕಾಯ್ದೆ. ಅದರ 354ನೇ ಸೂತ್ರದ ತಾತ್ಪರ್ಯ ಇಷ್ಟು: ಕಟ್ಟಡ ಬೀಳುವಂತಿದೆಯೆಂದು ಆಯುಕ್ತರಿಗೆ ತೋರಿದರೆ, ಅದನ್ನು ಕೆಡವಲು ಇಲ್ಲವೆ ದುರಸ್ತಿ ಮಾಡಲು ಅವರು ಲಿಖಿತ ನೋಟಿಸು ಕೊಡಬಹುದು. ಅಂದರೆ ಬಿರುಕು ಇರುವುದು ಗೋಡೆಯಲ್ಲಿ, ಶಿಥಿಲತೆ ಇರುವುದು ಆಯುಕ್ತರ ಚಿತ್ತದಲ್ಲಿ. ಗೋಡೆಯಿಂದ ಚಿತ್ತದವರೆಗೆ ಎಷ್ಟು ಮೇಜುಗಳಿವೆ ಎಂಬುದು ಬೇರೆ ಪ್ರಬಂಧಕ್ಕೆ ವಸ್ತು. ಇಲ್ಲಿ ನಮ್ಮ ಪ್ರತಿಜ್ಞೆ ಒಂದೇ: ಶಿಥಿಲತೆ ಎಂಬುದು ಕಂಬದ ಗುಣವಲ್ಲ, ಮನೆ ಬಿಡಬೇಕಾದವರು ಯಾರು, ಬಿಟ್ಟ ಜಾಗ ಸೇರುವುದು ಯಾರಿಗೆ ಎಂಬ ವ್ಯಾಜ್ಯದ ತೀರ್ಪು.

ಪಾಲಿಕೆಯ ಶಾಸ್ತ್ರದಲ್ಲಿ ಕಟ್ಟಡಗಳಿಗೂ ಚಾತುರ್ವರ್ಣ್ಯವಿದೆ. ಸಿ-1 ಎಂದರೆ ಕೂಡಲೇ ಖಾಲಿ ಮಾಡಿಸಿ ಕೆಡವಬೇಕಾದದ್ದು. ಸಿ-2ಎ ಎಂದರೆ ಖಾಲಿ ಮಾಡಿಸಿ ದೊಡ್ಡ ದುರಸ್ತಿ ಮಾಡಬೇಕಾದದ್ದು. ಸಿ-2ಬಿ ಎಂದರೆ ಜನರನ್ನು ಒಳಗಿಟ್ಟುಕೊಂಡೇ ದುರಸ್ತಿ ಮಾಡಬಹುದಾದದ್ದು. ಸಿ-3ಕ್ಕೆ ಸಣ್ಣಪುಟ್ಟ ರಿಪೇರಿ ಸಾಕು. ವರ್ಣ ನಿರ್ಣಯವಾಗುವುದು ಜನ್ಮದಿಂದಲೋ ಕರ್ಮದಿಂದಲೋ ಎಂಬ ಹಳೆಯ ಜಗಳಕ್ಕೆ ಇಲ್ಲಿ ಮೂರನೆಯ ಉತ್ತರ ಸಿಗುತ್ತದೆ: ಬಾಡಿಗೆಯಿಂದ. 1947ರ ಬಾಡಿಗೆ ಕಾಯ್ದೆ ಹಳೇ ಮುಂಬಯಿಯ ಬಾಡಿಗೆಗಳನ್ನು 1940ರ ಮಟ್ಟದಲ್ಲಿ ಕಟ್ಟಿಹಾಕಿತು. 1999ರ ಕಾಯ್ದೆ ವರ್ಷಕ್ಕೆ ಶೇ. 4ರ ಏರಿಕೆಗೆ ಒಪ್ಪಿದರೂ ಏರಬೇಕಾದದ್ದು ಆ ಪಾತಾಳದಿಂದಲೇ. ಸಿಮೆಂಟಿಗೆ ಇಂದಿನ ದರ, ಬಾಡಿಗೆಗೆ ಅಜ್ಜನ ಕಾಲದ ದರ. ಇಂಥಲ್ಲಿ ಮಾಲೀಕನ ದೃಷ್ಟಿಗೆ ಕಟ್ಟಡಕ್ಕಿಂತ ಅದರ ಕೆಳಗಿನ ನೆಲವೇ ಚೆಂದ. ಆತ ಕರೆತಂದ ಸ್ಟ್ರಕ್ಚರಲ್ ಆಡಿಟರ್ ಕಣ್ಣಿಗೆ ಕಟ್ಟಡ ಸಿ-1 ಆಗಿ ಗೋಚರಿಸುತ್ತದೆ. ಬಾಡಿಗೆದಾರರು ಚಂದಾ ಎತ್ತಿ ಕರೆತಂದವನ ಕಣ್ಣಿಗೆ ಅದೇ ಕಟ್ಟಡ ಸಿ-2ಬಿ. ವರದಿಗಳೆರಡು ಹೀಗೆ ಹೊಡೆದಾಡಿಕೊಂಡಾಗ ತೀರ್ಮಾನಿಸಲೆಂದೇ ಪಾಲಿಕೆ ತಾಂತ್ರಿಕ ಸಲಹಾ ಸಮಿತಿಯೊಂದನ್ನು ಇಟ್ಟುಕೊಂಡಿದೆ. ಭಿನ್ನಮತ ಅಪರೂಪವಾಗಿದ್ದರೆ ಅಂಥದ್ದೊಂದು ಪೀಠವೇ ಬೇಕಿರಲಿಲ್ಲ.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ: ಕಣ್ಣು ಸುಳ್ಳಾಡಬಹುದು, ಯಂತ್ರ ಸುಳ್ಳಾಡೀತೆ? ಕಾಂಕ್ರೀಟಿನೊಳಗೆ ಶ್ರವಣಾತೀತ ತರಂಗ ಹಾಯಿಸಿ ವೇಗ ಅಳೆಯುವ ವಿಧಾನಕ್ಕೆ 1992ರ ಭಾರತೀಯ ಮಾನಕವೇ ಇತ್ತಲ್ಲ? ಇತ್ತು. ಸೆಕೆಂಡಿಗೆ 4.5 ಕಿ.ಮೀ. ಮೀರಿದರೆ ಕಾಂಕ್ರೀಟು ಅತ್ಯುತ್ತಮ, 3 ಕಿ.ಮೀ.ಗಿಂತ ಕೆಳಗಿಳಿದರೆ ಅದರ ದರ್ಜೆ ‘ಸಂಶಯಾಸ್ಪದ’. ಗೌತಮ ಮುನಿ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೆ ಮೂರನೆಯ ಸ್ಥಾನ ಕೊಟ್ಟಿದ್ದು ವ್ಯರ್ಥವಾಗಲಿಲ್ಲ. ಆದರೆ ತರಂಗ ಹಾಯಿಸಬೇಕಾದ ಕಂಬ ಯಾವುದೆಂದು ಯಂತ್ರ ಹೇಳುವುದಿಲ್ಲ. ಸೋರುವ ಶೌಚಾಲಯದ ಪಕ್ಕದ ಕಂಬ, ಒಣಗಿದ ಮೆಟ್ಟಿಲಿನ ಪಕ್ಕದ ಕಂಬ, ಎರಡೂ ಒಂದೇ ಕಟ್ಟಡದವು. ಆರಿಸುವವನಿಗೆ ಫೀ ಕೊಡುವವರು ಬೇರೆ ಬೇರೆ. ಹಾಗಾದರೆ ವಯಸ್ಸನ್ನೇ ಪ್ರಮಾಣ ಮಾಡೋಣ, 30 ವರ್ಷ ದಾಟಿದ ಕಟ್ಟಡಕ್ಕೆ ಆಡಿಟ್ ಕಡ್ಡಾಯವಿದೆಯಲ್ಲ ಎಂದರೆ, ಬೆಂಗಳೂರಿನ ಗಂಗಾರಾಂ ಕಟ್ಟಡ ಅಡ್ಡ ಬರುತ್ತದೆ. 1983ರಲ್ಲಿ ಅದು ಇನ್ನೂ ಕಟ್ಟುತ್ತಿರುವಾಗಲೇ ಕುಸಿಯಿತು. ಸತ್ತವರು 123 ಮಂದಿ.

ನೋಟಿಸಿಗೂ ಕುಸಿತಕ್ಕೂ ವ್ಯಾಪ್ತಿಸಂಬಂಧ ಇಲ್ಲವೆನ್ನಲು ಎರಡು ದೃಷ್ಟಾಂತ ಸಾಕು. ಡಾಕ್‌ಯಾರ್ಡ್ ರೋಡಿನ ಬಾಬು ಗೇನು ಮಾರ್ಕೆಟ್ ಕಟ್ಟಡ ಪಾಲಿಕೆಯದೇ ಸ್ವತ್ತು, ಒಳಗಿದ್ದವರು ಪಾಲಿಕೆಯ ನೌಕರರು. ದುರಸ್ತಿ ಮಾಡಿದರೆ ಸಾಕೆನ್ನುವ ವರ್ಗದಲ್ಲಿದ್ದ ಅದು 2013ರ ಸೆಪ್ಟೆಂಬರ್ 27ರಂದು ಬಿದ್ದು 61 ಜನ ಸತ್ತರು. ಭೇಂಡಿ ಬಜಾರಿನ ಹುಸೇನಿ ಕಟ್ಟಡ ತದ್ವಿರುದ್ಧ. ಅದು ಅಪಾಯಕಾರಿಯೆಂದು 2011ರಲ್ಲೇ ನೋಟಿಸು ಬಂದಿತ್ತು. ಬಿದ್ದದ್ದು 2017ರ ಆಗಸ್ಟ್ 31ರಂದು, ಒಳಗೆ ಸಂಸಾರಗಳಿರುವಾಗಲೇ. ಸತ್ತವರು 33.

ನೋಟಿಸು ಕೊಟ್ಟ ಮೇಲೂ ಉಳಿದವರದೇ ತಪ್ಪಲ್ಲವೆ ಎಂಬುದು ಕೊನೆಯ ಆಕ್ಷೇಪ, ದುರಂತದ ಮರುದಿನ ತಪ್ಪದೆ ಕೇಳಿಬರುವ ಆಕ್ಷೇಪ. ಬಿಟ್ಟು ಹೋಗುವುದೆಲ್ಲಿಗೆ? ಟ್ರಾನ್ಸಿಟ್ ಕ್ಯಾಂಪಿಗೆ. ಅಲ್ಲಿ ದಶಕಗಳಿಂದ ‘ತಾತ್ಕಾಲಿಕ’ವಾಗಿ ಇರುವವರಿದ್ದಾರೆ. ಮನೆ ಇತ್ತೆನ್ನಲು ಬಾಡಿಗೆದಾರನ ಬಳಿ ಇರುವ ಗಟ್ಟಿ ಸಾಕ್ಷಿ ಅದರೊಳಗೆ ತಾನಿರುವುದು. ಬೀಳಬಹುದಾದ ಸೂರು, ಹಿಂದಿರುಗಿ ಸಿಗದಿರಬಹುದಾದ ಸೂರು ಇವೆರಡರ ನಡುವೆ ಆತ ಲೆಕ್ಕ ಹಾಕುತ್ತಾನೆ. ಲೆಕ್ಕ ತಪ್ಪಬಹುದು, ಮೌಢ್ಯವಲ್ಲ. ಆದ್ದರಿಂದ ಪಾಲಿಕೆಗೆ ಈ ಮೀಮಾಂಸಕನ ಅರಿಕೆ ಎರಡು. ಖಾಲಿ ಮಾಡಿಸುವ ನೋಟಿಸಿನ ಜೊತೆಗೇ ಹಿಂದಿರುಗುವ ಹಕ್ಕನ್ನೂ ಬರೆದು ಸಹಿ ಹಾಕಿ ಕೊಡಲಿ. ಆಡಿಟ್ ವರದಿಯ ಮೊದಲ ಪುಟದಲ್ಲೇ ಫೀ ಕೊಟ್ಟವರ ಹೆಸರು ಮುದ್ರಿಸಲಿ. ಉಳಿದ ಪುಟಗಳನ್ನು ಓದುವ ಶ್ರಮ ತಪ್ಪುತ್ತದೆ.