ಪೊಟ್ಟಣ ಮೀಮಾಂಸೆ

(ಆಟದ ಕಥೆಗಳ ಹಾಗೂ ತಾಂತ್ರಿಕ ಪಠ್ಯಗಳ ಓದುಯೋಗ್ಯತೆಯನ್ನು ನಿರ್ಣಯಿಸುವ ಬಗೆಗೆ ತಾವರೆಕೆರೆ ಬಸ್‌ಸ್ಟಾಪಿನಲ್ಲಿ ರಚಿತವಾದ ಪ್ರಬಂಧ)

1. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ

ಕಾಶ್ಮೀರದಿಂದ ಧ್ವನಿ ಬಂತು. ವಿದರ್ಭದಿಂದ ರೀತಿ ಬಂತು. ಶಿರಾ ತಾಲ್ಲೂಕಿನ ತಾವರೆಕೆರೆಯಿಂದ ಪೊಟ್ಟಣ ಬಂದಿದೆ. ಶಿರಾ ದಾಟಿ ಹಿರಿಯೂರಿನ ಕಡೆಗೆ ಹೆದ್ದಾರಿಯಲ್ಲಿ ಓಡುವ ಬಸ್ಸಿನವರಿಗೆ ನಮ್ಮೂರು ಒಂದು ಆಕಳಿಕೆಯಷ್ಟು ಹೊತ್ತು ಕಾಣುತ್ತದೆ. ಅಷ್ಟರಲ್ಲಿ ಅವರಿಗೆ ಇಲ್ಲೊಂದು ಕಾವ್ಯಮೀಮಾಂಸೆ ಕಾಣಲಿಲ್ಲವೆಂದರೆ ಅದು ಆಕಳಿಸಿದವರ ದೋಷ.

ವಿಷಯ: ಲೋಕದಲ್ಲಿ ವಿಮರ್ಶಕರು ಮೂಸಿಯೂ ನೋಡದ ಪುಸ್ತಕಗಳು ಎರಡು ಬಗೆ. ಯಾವುದಾದರೊಂದು ಆಟದಿಂದ ಹುಟ್ಟಿದ ಕಥೆ ಒಂದು; ತಾಂತ್ರಿಕ ಪಠ್ಯ ಇನ್ನೊಂದು. ಮೊದಲನೆಯದನ್ನು ಅವರು ಓದುವುದಿಲ್ಲ, ಏಕೆಂದರೆ ಅದು ಹುಡುಗರದು. ಎರಡನೆಯದನ್ನು ಓದುವುದಿಲ್ಲ, ಏಕೆಂದರೆ ಅರ್ಥವಾಗುವುದಿಲ್ಲ. ಗ್ರಂಥಾಲಯದ ದಶಾಂಶ ವರ್ಗೀಕರಣದಲ್ಲಿ ತಂತ್ರಜ್ಞಾನಕ್ಕೆ 600, ಆಟಕ್ಕೆ 790, ಕನ್ನಡ ಸಾಹಿತ್ಯಕ್ಕೆ 894.814. ಆಟದ ಬಗ್ಗೆ ಕನ್ನಡದಲ್ಲಿ ಒಬ್ಬ ಕಥೆ ಬರೆದನೆಂದರೆ ಆ ಪುಸ್ತಕ ಯಾವ ಕಪಾಟಿಗೂ ಸಲ್ಲದೆ ಗ್ರಂಥಪಾಲಕರ ಮೇಜಿನ ಕಾಲಿನಡಿ ಸೇರಿ, ಅಲ್ಲಾಡುವ ಮೇಜನ್ನು ನಿಲ್ಲಿಸುತ್ತದೆ. ಸಾಹಿತ್ಯದಿಂದ ಸಮಾಜಕ್ಕೆ ಆಧಾರವೆನ್ನುವುದು ಬಹುಶಃ ಇದನ್ನೇ.

ಪ್ರಯೋಜನ: ಬಸ್ಸು ಬರುವವರೆಗೆ ಕಾಲಹರಣ.

ಸಂಬಂಧ: ಕಡಲೆಕಾಯಿಗೂ ಕಾಗದಕ್ಕೂ ಇರುವ ಆಧಾರಾಧೇಯ ಸಂಬಂಧ.

ಅಧಿಕಾರಿ: ಕಡಲೆಕಾಯಿ ತಿಂದು ಮುಗಿದಿದ್ದು, ಬಸ್ಸು ಇನ್ನೂ ಬಾರದಿದ್ದವನೇ ಈ ಶಾಸ್ತ್ರಕ್ಕೆ ಅಧಿಕಾರಿ. ಸ್ವಂತ ಗಾಡಿ ಇರುವವರು ಅನರ್ಹರು.

2. ಆಕರ ಸಾಮಗ್ರಿ

ನಮ್ಮ ಆಕರಗಳೆಲ್ಲ ಬಸ್‌ಸ್ಟಾಪಿನ ಬೇವಿನ ಮರದಡಿ ಹುರಿದ ಕಡಲೆಕಾಯಿ ಮಾರುವ ಅಜ್ಜಿಯ ಸಂಗ್ರಹದಿಂದ ಬಂದವು. ಗುಜರಿಯವನಿಂದ ಕೆಜಿ ಲೆಕ್ಕದಲ್ಲಿ ತಂದ ಹಳೇ ಪುಸ್ತಕಗಳನ್ನು ಆಕೆ ಹಾಳೆಹಾಳೆಯಾಗಿ ಕಿತ್ತು ಪೊಟ್ಟಣ ಕಟ್ಟುತ್ತಾರೆ. ಲೇಖಕ, ಕಾಲ, ಪ್ರಕಾರ, ಪಂಥ ಯಾವ ಭೇದವೂ ಅವರಲ್ಲಿಲ್ಲ. ಕಾಗದ ದಪ್ಪಗಿದೆಯೇ, ಬಿಸಿ ಕಾಯಿಗೆ ತೂತು ಬೀಳುವುದಿಲ್ಲವೇ ಎಂಬುದೊಂದೇ ಅವರ ಮಾನದಂಡ. ನವ್ಯ, ನವ್ಯೋತ್ತರ ಎಲ್ಲರೂ ಇಲ್ಲಿ ಸಮಾನವಾಗಿ ಉಪ್ಪುಪ್ಪು.

ಈವರೆಗೆ ಎಷ್ಟು ಪೊಟ್ಟಣಗಳನ್ನು ಅಧ್ಯಯನ ಮಾಡಿದ್ದೀರಿ ಎಂದು ಪಂಡಿತರು ಕೇಳಬಹುದು. ನಾವು ಲೆಕ್ಕ ಇಟ್ಟಿಲ್ಲ. ಹೊಟ್ಟೆ ಇಟ್ಟಿದೆ.

3. ಪೂರ್ವಪಕ್ಷ

“ಆಟದ ಕಥೆ ಕಾಲಹರಣ, ತಾಂತ್ರಿಕ ಪಠ್ಯ ಪರೀಕ್ಷೆಗೆ ಮಾತ್ರ, ಎರಡೂ ಸಾಹಿತ್ಯವಲ್ಲ” ಎಂಬುದು ಪೂರ್ವಪಕ್ಷ. ಇದನ್ನು ಎತ್ತಿದವರು ಕಟ್ಟೆಯ ಮೇಲಿನ ನಿವೃತ್ತ ಕನ್ನಡ ಪಂಡಿತರು. ಅವರಿಗೆ ನಮ್ಮ ಉತ್ತರ ಹೀಗಿದೆ.

ಪಂಡಿತರೇ, ದಾಳ ಎತ್ತಿಟ್ಟರೆ ಮಹಾಭಾರತ ಸಭಾಪರ್ವದಲ್ಲೇ ಮುಗಿದುಹೋಗುತ್ತದೆ. ಆಮೇಲೆ 941ರಲ್ಲಿ ಪಂಪನಿಗೆ ಬರೆಯಲು ಏನುಳಿಯುತ್ತಿತ್ತು? ಕುಮಾರವ್ಯಾಸ ಗದುಗಿನಲ್ಲಿ ಏನು ಮಾಡುತ್ತಿದ್ದ? ಕನಕದಾಸರ ನಳಚರಿತ್ರೆಯ ನಳ, ಪುಷ್ಕರನೊಡನೆ ಜೂಜಾಡದೆ ಹೆಂಡತಿಯೊಡನೆ ಸುಖವಾಗಿದ್ದರೆ ಅದು ಕಾವ್ಯವಾಗುತ್ತಿತ್ತೇ, ಲಗ್ನಪತ್ರಿಕೆಯಾಗುತ್ತಿತ್ತೇ? ಅಮೆರಿಕದಲ್ಲಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ದಾಳದಾಟ ಅಂಗಡಿಗೆ ಬಂದು, 1984ರಲ್ಲಿ ಅದರ ಮೇಲೆ ‘ಡ್ರಾಗನ್‌ಲಾನ್ಸ್’ ಕಾದಂಬರಿ ಹೊರಟಾಗ ಅಲ್ಲಿಯವರು ಸಂಭ್ರಮದಿಂದ ಕೊಂಡು ಓದಿದರು. ನಮ್ಮ ಶಕುನಿಗೆ ಗೌರವಧನ ಯಾರೂ ಕಳಿಸಲಿಲ್ಲ.

ಇನ್ನು ತಾಂತ್ರಿಕ ಪಠ್ಯ. 1025ರ ಹೊತ್ತಿಗೆ ಎರಡನೆಯ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಅಡುಗೆ, ಸುಗಂಧ, ದನಗಳ ರೋಗ, ಗಿಡಮರಗಳ ಆರೈಕೆ, ಜೊತೆಗೆ ನೆಲದೊಳಗೆ ನೀರೆಲ್ಲಿದೆಯೆಂದು ಹುಡುಕುವ ಶಾಸ್ತ್ರವೂ ಇದೆ. ನಮ್ಮ ಕಡೆ ಇಂದಿಗೂ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ, ಕಾಯಿ ನೆಟ್ಟಗೆ ನಿಂತಲ್ಲಿ ಬೋರ್‌ವೆಲ್ ಪಾಯಿಂಟ್ ಹೇಳುವವರಿದ್ದಾರೆ. ನೀರು ಬಿದ್ದರೆ ಶಾಸ್ತ್ರ, ಧೂಳು ಎದ್ದರೆ ವಿಧಿ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತವನ್ನು ಗದ್ಯಪದ್ಯಗಳಲ್ಲಿ ಬರೆದ. ಹದಿನಾರನೆಯ ಶತಮಾನದ ಮೂರನೇ ಮಂಗರಸ ಅಡುಗೆಯ ಸೂಪಶಾಸ್ತ್ರವನ್ನು ವಾರ್ಧಕ ಷಟ್ಪದಿಯಲ್ಲಿ ಬೇಯಿಸಿದ. ಒಗ್ಗರಣೆಗೂ ಪ್ರಾಸ ಹಾಕಿದ ಜನ ನಾವು.

ಎರಡೂ ಬಗೆ ಕೂಡಿದ್ದಕ್ಕೆ ಉದಾಹರಣೆ ಬೇಕೆ? 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಳಲು ಉಳಿದದ್ದು ಚದುರಂಗದ 64 ಮನೆ. ಒಂದು ಕುದುರೆ ಯಾವ ಮನೆಯನ್ನೂ ಎರಡು ಸಲ ತುಳಿಯದೆ ಅಷ್ಟನ್ನೂ ಸುತ್ತಿಬರುವ ದಾರಿಗಳನ್ನು ಅವರು ಹೆಣೆದರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯನ್ನು ಆಟಗಳಿಗೇ ಬಿಟ್ಟುಕೊಟ್ಟರು. ಕುಮುದೇಂದುವಿನ ಸಿರಿಭೂವಲಯವೋ ಇನ್ನೂ ಒಂದು ಕೈ ಮೇಲೆ. ಅದರಲ್ಲಿ ಅಕ್ಷರವೇ ಇಲ್ಲ. 27 ಅಡ್ಡ, 27 ಉದ್ದದ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕಿ. ನಡೆ ಗೊತ್ತಿದ್ದವನಿಗೆ ಕಾವ್ಯ, ಗೊತ್ತಿಲ್ಲದವನಿಗೆ ಮಗ್ಗಿ. ಅಲ್ಲಿ ಓದುಗನೇ ಕುದುರೆ.

ಪಂಡಿತರು ಇಷ್ಟನ್ನೂ ಕೇಳಿ, “ಅವೆಲ್ಲ ಹಳಗನ್ನಡ ಕಣಯ್ಯ, ಹಳೇದಾದ್ರೆ ಎಲ್ಲಾನೂ ಸಾಹಿತ್ಯವೇ” ಎಂದರು. ಈ ವಾದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲವಾದ್ದರಿಂದ ಮುಂದಿನ ಅಧ್ಯಾಯಕ್ಕೆ ಹೋಗುತ್ತೇವೆ.

4. ಋತುಪರ್ಣ ನ್ಯಾಯ

ಒಂದೇ ಹಾಳೆ ಓದಿ ಇಡೀ ಪುಸ್ತಕದ ಯೋಗ್ಯತೆ ಹೇಳುವುದು ಸರಿಯೇ? ಇದಕ್ಕೆ ಪ್ರಮಾಣ ಆಟದ ಕಥೆಯಲ್ಲೇ ಇದೆ. ವ್ಯಾಸಭಾರತದ ವನಪರ್ವದಲ್ಲಿ, ಸೋತು ಸಾರಥಿಯಾದ ನಳನ ರಥದಲ್ಲಿ ಕೂತ ಋತುಪರ್ಣ ರಾಜ ದಾರಿಬದಿಯ ತಾರೆ ಮರವನ್ನು ಒಮ್ಮೆ ನೋಡಿ, ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆ, 2095 ಕಾಯಿ ಇವೆ ಎನ್ನುತ್ತಾನೆ. ನಳ ಒಪ್ಪುವುದಿಲ್ಲ. ರಥ ನಿಲ್ಲಿಸಿ, ಮರ ಕಡಿದು, ಎಣಿಸುತ್ತಾನೆ. ಲೆಕ್ಕ ಸರಿಹೋಗುತ್ತದೆ. ಆಗ ನಳ ತನ್ನ ಅಶ್ವವಿದ್ಯೆಗೆ ಬದಲಾಗಿ ಅವನ ಅಕ್ಷವಿದ್ಯೆ ಪಡೆದು, ಮತ್ತೆ ದಾಳ ಹಿಡಿದು ರಾಜ್ಯ ಗೆಲ್ಲುತ್ತಾನೆ. ಅಂದಿನ ದಾಳವೂ ತಾರೆಕಾಯಿಯೇ. ಸಹೃದಯರು ಗಮನಿಸಬೇಕು: ಆಟದ ಕಥೆಯ ನಾಯಕನನ್ನು ಕೊನೆಗೆ ಉಳಿಸಿದ್ದು ದೇವರೂ ಅಲ್ಲ, ದಮಯಂತಿಯ ಕಣ್ಣೀರೂ ಅಲ್ಲ, ಎಣಿಕೆಯ ತಾಂತ್ರಿಕ ಪಾಠ.

ಈ ನ್ಯಾಯ ನಮ್ಮ ಸೀಮೆಯಲ್ಲಿ ಈಗಲೂ ಬದುಕಿದೆ. ಕಡಲೆಕಾಯಿ ಕೊಳ್ಳಲು ಬಂದ ವ್ಯಾಪಾರಿ ಮೂಟೆ ಸುರಿಯುವುದಿಲ್ಲ. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಗಲಗಲ ಎಂದರೆ ಒಣಗಿದೆ. ನಾಲ್ಕು ಕಾಯಿ ಒಡೆಯುತ್ತಾನೆ. ಬೀಜ ತುಂಬಿದೆಯೋ, ಸುಕ್ಕಿದೆಯೋ, ಜೊಳ್ಳೋ ಗೊತ್ತಾಗುತ್ತದೆ. ಒಳ್ಳೆಯ ಕಾಯಿಯಲ್ಲಿ ತೂಕದ ನೂರಕ್ಕೆ ಸುಮಾರು 70 ಪಾಲು ಬೀಜ, ಉಳಿದದ್ದು ಸಿಪ್ಪೆ. ಆಮೇಲೆ ರೇಟು ಹೇಳುತ್ತಾನೆ. ರೈತ ಅದನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು. ಲೇಖಕರೂ ಒಪ್ಪುವುದಿಲ್ಲ.

ಆದ್ದರಿಂದ ನಮ್ಮ ಪ್ರಥಮ ಸೂತ್ರ: ಕಾಯಿ ಮುಗಿದ ಮೇಲೂ ಹಾಳೆ ಕೈಯಲ್ಲಿ ಉಳಿದರೆ ಓದು; ಮುಂದಿನ ಹಾಳೆ ಯಾರ ಕೈ ಸೇರಿತೋ ಎಂದು ಹೊಟ್ಟೆ ಉರಿದರೆ ಅದು ಓದಲೇಬೇಕಾದ ಪುಸ್ತಕ.

5. ಪ್ರಯೋಗ

ಒಂದು ಮಂಗಳವಾರ ನಮಗೆ ಎರಡು ಪೊಟ್ಟಣಗಳು ಒಟ್ಟಿಗೇ ದೊರೆತವು.

ಮೊದಲನೆಯದು ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ. ಯಾವನೋ ಹುಡುಗ ತಾನು ಮೊಬೈಲಿನಲ್ಲಿ ಆಡುವ ಆಟವನ್ನು ಕಥೆಯಾಗಿ ಬರೆದಿದ್ದ. ನಾಯಕನಿಗೆ ಮೂರು ಜೀವ. ಎರಡನೇ ಸಾಲಿನಲ್ಲಿ ಒಂದು ಹೋಯಿತು, ಐದನೇ ಸಾಲಿನಲ್ಲಿ ಇನ್ನೊಂದು. ಹಾಳೆಯ ಕೊನೆಗೆ ಚಿನ್ನದ ನಾಣ್ಯಗಳು ಸಿಕ್ಕಿ ಮತ್ತೆ ಮೂರಾದವು. ಇದನ್ನು ಅಜ್ಜಿಗೆ ಓದಿ ಹೇಳಿದೆವು.

“ಮೂರು ಜೀವ ಐತಾ ಅವ್ನಿಗೆ? ನಮ್ ಮೇಕೆಗೆ ಒಂದೇ ಇದ್ದದ್ದು ಕಣ್ ಮೇಷ್ಟ್ರೇ. ಮೊನ್ನೆ ಲಾರಿಗೆ ಸಿಕ್ತು” ಎಂದು ಅಜ್ಜಿ ಬಾಣಲೆಯ ಮರಳು ತಿರುವಿದರು. ಆಟದ ಕಥೆಗಳ ಬಗ್ಗೆ ನಾವು ಓದಿದ ವಿಮರ್ಶೆಗಳಲ್ಲೆಲ್ಲ ಇದೇ ಅತ್ಯಂತ ಹ್ರಸ್ವವೂ ಸಮಗ್ರವೂ ಆದದ್ದು.

ಎರಡನೆಯದು ಐಟಿಐ ಪಠ್ಯದ ಹಾಳೆ. ಪಂಪ್‌ಸೆಟ್ ಮೋಟರಿನ ಸ್ಟಾರ್ಟರ್ ಬಿಚ್ಚುವ ಕ್ರಮ. ವಾಕ್ಯಗಳೆಲ್ಲ ಕರ್ಮಣಿ ಪ್ರಯೋಗ: ತಿರುಪು ಸಡಿಲಿಸಲಾಗುವುದು, ಮುಚ್ಚಳ ತೆಗೆಯಲಾಗುವುದು. ಯಾರು ತೆಗೆಯುತ್ತಾರೆ, ಅವರ ಮನೆಯಲ್ಲಿ ಎಷ್ಟು ಜನ, ಅವರಿಗೆ ಮದುವೆಯಾಗಿದೆಯೇ, ಯಾವ ವಿವರವೂ ಇಲ್ಲ. ಪಾತ್ರಪೋಷಣೆ ಸೊನ್ನೆ. ಆದರೆ ಕೊನೆಯ ಸಾಲು ಹೀಗಿತ್ತು: “ಎಚ್ಚರಿಕೆ: ಒಳಗೆ ಕೈ ಹಾಕುವ ಮೊದಲು ತಪ್ಪದೆ”

ಅಲ್ಲಿಗೆ ಹಾಳೆ ಮುಗಿದಿತ್ತು.

ನಾವು ಕುಳಿತಲ್ಲಿಂದ ಎದ್ದೆವು. ತಪ್ಪದೆ ಏನು? ಶಕುನಿ ದಾಳ ಹಾಕುವಾಗ ನಮಗೆ ಈ ನಡುಕ ಬಂದಿರಲಿಲ್ಲ, ಏಕೆಂದರೆ ಧರ್ಮರಾಯ ಸೋಲುತ್ತಾನೆಂದು ಬಯಲಾಟ ನೋಡಿದ ಮಗುವಿಗೂ ಗೊತ್ತು. ಇಲ್ಲಿ ಗೊತ್ತಿಲ್ಲ. ಅಜ್ಜಿಯ ಬಳಿ ಇನ್ನೊಂದು ಪೊಟ್ಟಣ ಕೊಂಡೆವು, ಪಂಚಾಂಗ. ಮತ್ತೊಂದು; ಸಹಕಾರ ಸಂಘದ ವಾರ್ಷಿಕ ವರದಿ. ಮಗದೊಂದು, ಅದೇ ಹುಡುಗನ ಅದೇ ಹಾಳೆಯ ಹರಿದ ಅಂಚು. ಅದರ ಮೇಲೆ ಅಡ್ಡಡ್ಡವಾಗಿ ಪೆನ್ಸಿಲಿನಲ್ಲಿ ಹೀಗೆ ಬರೆದಿತ್ತು: “ಚಾರ್ಜು 2 ಪರ್ಸೆಂಟು. ಅಪ್ಪನ ಗಾಡಿ ಸೌಂಡು ಕೇಳ್ತಾ ಐತೆ.”

ಈಗ ನಮಗೆ ಹೊಟ್ಟೆಯುರಿ ಎರಡಾಯಿತು. ಕಡಲೆಕಾಯಿಯದನ್ನು ಸೇರಿಸಿದರೆ ಮೂರು.

6. ಆಕ್ಷೇಪ ಮತ್ತು ಪರಿಹಾರ

ಹಾಗಾದರೆ ಆಟದ ಕಥೆ ಜೊಳ್ಳು, ತಾಂತ್ರಿಕ ಪಠ್ಯ ಗಟ್ಟಿ ಎನ್ನೋಣವೇ? ಆಸ್ಟ್ರಿಯಾದ ಸ್ಟೀಫನ್ ಜ್ವೈಗ್ ಇದಕ್ಕೆ ಅಡ್ಡ ಬರುತ್ತಾನೆ. ಅವನ ಚದುರಂಗದ ನೀಳ್ಗತೆಯಲ್ಲಿ ನಾಜಿಗಳ ಕೈಗೆ ಸಿಕ್ಕಿ ಒಂಟಿ ಕೋಣೆಯಲ್ಲಿರುವ ಸೆರೆಯಾಳು, ಓದಲು ಏನೂ ಇಲ್ಲದೆ ಒದ್ದಾಡಿ, ನೇತುಹಾಕಿದ ಕೋಟಿನ ಜೇಬಿನಿಂದ ಒಂದು ಪುಸ್ತಕ ಕದಿಯುತ್ತಾನೆ. ಕಾವ್ಯವಿರಬಹುದೆಂದು ತೆರೆದರೆ, ನಿಪುಣರು ಆಡಿದ 150 ಚದುರಂಗದಾಟಗಳ ನಡೆಗಳ ಪಟ್ಟಿ. ಶುದ್ಧ ತಾಂತ್ರಿಕ ಪಠ್ಯ. ಬಿಸಾಡಬೇಕೆನಿಸುತ್ತದೆ. ಅದೇ ಪುಸ್ತಕ ಅವನ ತಲೆಯನ್ನು ಉಳಿಸುತ್ತದೆ. ಪುಸ್ತಕ ಬಾಯಿಪಾಠವಾಗಿ, ತನ್ನೆದುರು ತಾನೇ ಆಡತೊಡಗಿದ ಮೇಲೆ ತಲೆಯನ್ನು ಕೆಡಿಸುತ್ತದೆ. ಒಂದೇ ಪುಸ್ತಕ ಒಬ್ಬನೇ ಓದುಗನಿಗೆ ಮೊದಲು ಜೊಳ್ಳು, ಆಮೇಲೆ ಬೀಜ, ಕೊನೆಗೆ ಪಿತ್ತ.

ಎಂದಮೇಲೆ ಯೋಗ್ಯತೆ ಪುಸ್ತಕದ ಜಾತಿಯಲ್ಲಿಲ್ಲ. ಪಣದಲ್ಲಿದೆ. ಹೋದರೆ ವಾಪಸು ಬಾರದ್ದೇನೋ ಆ ಹಾಳೆಯ ಮೇಲೆ ಇದೆಯೇ? ನಾಯಕನ ಮೂರು ಜೀವ ಪಣವಲ್ಲ, ಚಿಲ್ಲರೆ. ಅಪ್ಪ ಬರುವುದರೊಳಗೆ ಉಳಿದ ಎರಡು ಪರ್ಸೆಂಟು ಪಣ.

7. ಸಿದ್ಧಾಂತ

ಆ ಸಂಜೆ ಬಸ್ಸನ್ನು ಬಿಟ್ಟು ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋದೆವು. ತಾಮ್ರದ ತಂತಿ ಸುತ್ತುತ್ತಿದ್ದ ಹುಡುಗನ ಮುಂದೆ ಹಾಳೆ ಹಿಡಿದು, ತಪ್ಪದೆ ಏನು ಮಾಡಬೇಕಪ್ಪ ಎಂದೆವು.

ಅವನು ಹಾಳೆಯನ್ನು ನೋಡಲೇ ಇಲ್ಲ. “ಮೇನ್ ಆಫ್ ಮಾಡಿ ಫ್ಯೂಸ್ ಕೀಳ್ಬೇಕು ಸಾ. ಕಿತ್ತು ಜೇಬಲ್ಲಿ ಇಟ್ಕೋಬೇಕು. ಅಲ್ಲೇ ಬಿಟ್ರೆ, ಕರೆಂಟ್ ಬಂತು ಅಂತ ಇನ್ಯಾರೋ ಬಂದು ಹಾಕ್ಬಿಡ್ತಾರೆ.”

“ಪುಸ್ತಕದಲ್ಲಿ ಜೇಬಿನ ಮಾತೂ ಇದೆಯೇನಪ್ಪ?”

“ಗೊತ್ತಿಲ್ಲ ಸಾ. ನಮ್ಮಣ್ಣ ಅಲ್ಲೇ ಬಿಟ್ಟಿದ್ದ.”

ಅವನು ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ. ನಾವು ಮುಂದೆ ಕೇಳಲಿಲ್ಲ.

ಪಾತ್ರಪೋಷಣೆ ಸೊನ್ನೆ ಎಂದು ಐದನೆಯ ಅಧ್ಯಾಯದಲ್ಲಿ ಹೇಳಿದ ಮಾತನ್ನು ಇಲ್ಲಿ ಹಿಂದಕ್ಕೆ ಪಡೆಯುತ್ತೇವೆ. ಪಠ್ಯದ ಪ್ರತಿ ‘ಎಚ್ಚರಿಕೆ’ಯ ಹಿಂದೆ ಆಡಿ ಸೋತ ಒಬ್ಬನಿದ್ದಾನೆ. ಅವನ ಹೆಸರು ಅಳಿಸಿ, ಊರು ಅಳಿಸಿ, ಕರ್ಮಣಿ ಪ್ರಯೋಗ ಮಾಡಿ ಅಚ್ಚು ಹಾಕಿದ್ದಾರೆ, ಅಷ್ಟೆ.

8. ಉಪಸಂಹಾರ: ಪ್ರಬಂಧದ ಪರೀಕ್ಷೆ

ಯಾವ ಶಾಸ್ತ್ರವೂ ತನ್ನ ಮಾನದಂಡಕ್ಕೆ ತಾನೇ ಒಳಪಡಬೇಕು. ಆದ್ದರಿಂದ ಈ ಪ್ರಬಂಧದ ಮೊದಲ ಹಾಳೆಯನ್ನು ಅಜ್ಜಿಗೆ ಒಪ್ಪಿಸಿದೆವು. ಆಕೆ ಬೆರಳಲ್ಲಿ ಮುಟ್ಟಿ, “ತೆಳ್ಳಗೈತೆ, ನಡೀತದೆ” ಎಂದು ಪೊಟ್ಟಣ ಸುತ್ತಿ, ಶಿರಾ ಕಡೆಗೆ ಹೊರಟಿದ್ದ ಒಬ್ಬ ಯುವಕನಿಗೆ ಕೊಟ್ಟರು. ನಾವು ಬೇವಿನ ಮರದ ಹಿಂದೆ ನಿಂತು ವೀಕ್ಷಿಸಿದೆವು.

ಯುವಕ ತಿಂದ. ಮುಗಿಸಿದ. ಹಾಳೆ ಬಿಡಿಸಿದ. ನಮ್ಮ ಎದೆ ಡವಗುಟ್ಟಿತು. ಬಸ್ಸು ಬಂದು ಹಾರನ್ ಹೊಡೆದರೂ ಹತ್ತದೆ, ಹಾಳೆಯನ್ನು ಕೈಯಲ್ಲಿ ಹಿಡಿದೇ ಅಜ್ಜಿಯ ಹತ್ತಿರ ಓಡಿಬಂದ. ವಿಮರ್ಶಾ ಚರಿತ್ರೆಯ ಆ ಗಳಿಗೆಗೆ ನಾವು ಸಾಕ್ಷಿಯಾಗಲು ಮುಂದೆ ಬಂದು ನಿಂತೆವು.

“ಅಜ್ಜಿ, ಅರ್ಧ ಜೊಳ್ಳೇ ಇದ್ವು. ಇನ್ನೊಂದು ಹಿಡಿ ಹಾಕಜ್ಜಿ, ಬಸ್ ಹೋಯ್ತದೆ.”

ಅಜ್ಜಿ ಅದೇ ಹಾಳೆಗೆ ಇನ್ನೊಂದು ಹಿಡಿ ಹಾಕಿದರು. ಎರಡನೆಯ ಮುದ್ರಣ ಕಂಡ ನಮ್ಮ ಕೃತಿ ಶಿರಾ ಕಡೆಗೆ ಹೋಯಿತು.