ಅಳಿಯನ ಹದಿನೇಳು ಮಾಸ್ತರು

ನನ್ನ ಅಳಿಯನಿಗೆ ಹದಿನೇಳು ಮಂದಿ ಮಾಸ್ತರು. ಎಲ್ಲರೂ ಅವನ ಕಿಸೆಯಲ್ಲೇ ವಾಸ. ಹದಿನೆಂಟನೆಯವನು ನಾನು, ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಗಂಟೆಗೊಮ್ಮೆ ಟಿಣ್ ಎನ್ನಲು ನನಗೆ ಬರುವುದಿಲ್ಲ, ಹೀಗಾಗಿ ಲೆಕ್ಕಕ್ಕಿಲ್ಲ.

ಹುಡುಗ ಗಜೇಂದ್ರಗಡದವನು, ತಂಗಿಯ ಮಗ. ನರಗುಂದದ ನಮ್ಮ ಮನೆಯಲ್ಲಿದ್ದು ಬಿ.ಎ. ಓದುತ್ತಾನೆ. ಓದುತ್ತಾನೆ ಎಂದರೆ ಇಳಿಸಿಕೊಳ್ಳುತ್ತಾನೆ. ಟೆಲಿಗ್ರಾಮಿನಿಂದ ನೋಟ್ಸು, ಯೂಟ್ಯೂಬಿನಿಂದ ಪಾಠ, ಯಾರದೋ ಗ್ರೂಪಿನಿಂದ ಹಳೆಯ ಪ್ರಶ್ನೆಪತ್ರಿಕೆ. ಇಂಥವರನ್ನು ಗುಂಪಾಗಿ ನೋಡಬೇಕೆಂದರೆ ಬೆಳಿಗ್ಗೆ ರೋಣದ ಬಸ್ ನಿಲ್ದಾಣಕ್ಕೆ ಬನ್ನಿ. ಅಲ್ಲಿ ‘ಆರಾಮೇನಲೇ’ ಎನ್ನುವ ಬದಲು ‘ಪಿಡಿಎಫ್ ಐತೇನಲೇ’ ಎನ್ನುತ್ತಾರೆ. ಕೊಟ್ಟವನೂ ತೆರೆದಿರುವುದಿಲ್ಲ, ಇಸಿದುಕೊಂಡವನೂ ತೆರೆಯುವುದಿಲ್ಲ. ಅವರ ನಡುವೆಯೇ ಒಬ್ಬ ಹುಡುಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟು, ಶಕ್ತಿ ಯೋಜನೆಯ ಜೀರೋ ಟಿಕೆಟ್ಟನ್ನೇ ಪುಟದ ಗುರುತಿಗೆ ಸಿಕ್ಕಿಸಿ ಬರೆಯುತ್ತಿರುತ್ತಾಳೆ. ಅವಳ ಫೋನಿನ ಗಾಜು ಒಡೆದಿದೆ. ನನ್ನ ಅಳಿಯನ ಫೋನಿಗೆ ಒಂದು ಗೆರೆಯೂ ಬಿದ್ದಿಲ್ಲ.

ಆ ಹದಿನೇಳು ಆ್ಯಪುಗಳಲ್ಲಿ ಒಂದರ ಕೆಲಸವೇ ಫೋನು ಮುಟ್ಟದಂತೆ ಕಾಯುವುದು. ಅರ್ಧ ತಾಸು ಕೈ ಹಚ್ಚದಿದ್ದರೆ ಪರದೆಯೊಳಗೆ ಒಂದು ಗಿಡ ಬೆಳೆಯುತ್ತದೆ, ಮುಟ್ಟಿದರೆ ಒಣಗುತ್ತದೆ. ಹಿತ್ತಲಿನ ಕರಿಬೇವಿಗೆ ಎರಡು ಕೊಡ ನೀರು ಹಾಕೆಂದು ನನ್ನ ಹೆಂಡತಿ ಕೂಗಿದರೆ, ಆ ಗಿಡವನ್ನೇ ದಿಟ್ಟಿಸುತ್ತ ಕೂತವನು, ‘ಅತ್ತಿ, ಈಗ ಏಳೂ ಹಂಗಿಲ್ಲ, ಗಿಡ ಸಾಯತೈತಿ’ ಎನ್ನುತ್ತಾನೆ. ಕರಿಬೇವು ಹೋದ ಬೇಸಿಗೆಯಲ್ಲೇ ಹೋಯಿತು.

ಅದನ್ನೂ ಸಹಿಸಿದೆ. ಸಹಿಸಲಾಗದ್ದು ಇಂಗ್ಲಿಷ್ ಕಲಿಸುವ ಆ್ಯಪು. ದಿನಕ್ಕೊಂದು ಪಾಠ ಮಾಡಿದರೆ ಅದರಲ್ಲಿ ಒಂದು ಬೆಂಕಿಯ ಗುರುತು ಉರಿಯುತ್ತಿರುತ್ತದೆ, ಒಂದು ದಿನ ತಪ್ಪಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಇದಕ್ಕೆ ಸ್ಟ್ರೀಕ್ ಅನ್ನುತ್ತಾರೆ. ಅವನ ಅಕ್ಕನ ನಿಶ್ಚಯಕ್ಕೆಂದು ಗಜೇಂದ್ರಗಡಕ್ಕೆ ಹೋಗಿದ್ದೆವು. ಮಳೆಗೆ ಕರೆಂಟು ಹೋಗಿ, ಅದರ ಹಿಂದೆಯೇ ನೆಟ್‌ವರ್ಕೂ ಹೋಗಿತ್ತು. ರಾತ್ರಿ ಹನ್ನೊಂದೂ ನಲವತ್ತಕ್ಕೆ ಯಾರೋ ನನ್ನ ಭುಜ ಅಲುಗಿಸಿದರು. ‘ಮಾಮಾ, ಇನ್ನ ಇಪ್ಪತ್ತ ನಿಮಿಷ ಐತ್ರಿ!’ ಗಂಡಿನ ಕಡೆಯವರು ಏನೋ ತಕರಾರು ತೆಗೆದರೆಂದು ಎದೆ ಧಸಕ್ಕೆಂದಿತು. ವಿಷಯ ತಿಳಿಯುವಷ್ಟರಲ್ಲಿ ನಾನು ಲುಂಗಿ ಎತ್ತಿ ಕಟ್ಟಿ ಗುಡ್ಡದ ಮೆಟ್ಟಿಲು ಏರುತ್ತಿದ್ದೆ. ಅವನ ಬ್ಯಾಟರಿ ಎರಡು ಪರ್ಸೆಂಟ್, ಆದ್ದರಿಂದ ಟಾರ್ಚು ನನ್ನದು, ಹಾಟ್‌ಸ್ಪಾಟು ನನ್ನದು, ಮೊಣಕಾಲು ನೋವೂ ನನ್ನದೇ. ಹಿಂದೆ ಒಂದು ನಾಯಿ. ದೂರದ ಗುಡ್ಡದ ಮೇಲೆ ಗಾಳಿ ಫ್ಯಾನುಗಳ ಕೆಂಪು ದೀಪ. ಅರ್ಧ ಏರಿದ ಮೇಲೆ ಎರಡು ಕಡ್ಡಿ ನೆಟ್‌ವರ್ಕ್ ಬಂತು. ಹನ್ನೊಂದೂ ಐವತ್ತಾರಕ್ಕೆ ಪಾಠ ತೆರೆಯಿತು. ಇಷ್ಟು ಕಷ್ಟಪಟ್ಟು ಹುಡುಗ ಕಲಿಯುವುದೇನೆಂದು ಬಗ್ಗಿ ನೋಡಿದೆ. ‘ದಿ ಕ್ಯಾಟ್ ಡ್ರಿಂಕ್ಸ್ ಮಿಲ್ಕ್.’ ಒತ್ತಿದ. ಪರದೆಯ ತುಂಬ ಬಣ್ಣದ ಚೂರು ಹಾರಿದವು: 211 ದಿನ!

‘ಎರಡನೂರಾ ಹನ್ನೊಂದ್ ದಿನದಾಗ ಇನ್ನ ಬೆಕ್ಕಿನ ಮ್ಯಾಲೇ ಅದೀಯೇನಲೇ?’

‘ಹೊಸಾ ಪಾಠಕ್ಕ ಹೋದ್ರ ತಪ್ಪಾಗತಾವ್ರಿ ಮಾಮಾ. ಇದ ಸೇಫ್.’

ಇಳಿಯುವಾಗ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತಿತು. ಅವನು ತನ್ನದನ್ನು ಬಿಚ್ಚಿ ಕೊಟ್ಟು ಬರಿಗಾಲಲ್ಲಿ ಮುಂದೆ ನಡೆದ. ಬೈಯಬೇಕೆಂದು ಕೂಡಿಸಿಟ್ಟ ಮಾತು ಅಲ್ಲೇ ಉಳಿಯಿತು.

ಬೈಯಲು ನನ್ನ ಕೈಯೂ ಅಷ್ಟೇನು ಶುದ್ಧವಿಲ್ಲ. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟೂ ಸಂಪುಟ ಖಾಕಿ ಹೊದಿಕೆ ಹೊದ್ದು ನಮ್ಮ ಕಪಾಟಿನಲ್ಲಿವೆ. ಒಂದು ರಜೆಯಲ್ಲಿ ಮೊದಲನೆಯದನ್ನು ಅಕಾರದಿಂದ ಹಿಡಿದು ಓದುತ್ತ ‘ಅಡಕೆ’ಗೆ ಬಂದಾಗ, ನೆನಪಾಗಿ ಎದ್ದು ಎಲಿ-ಅಡಕಿ ಹಾಕಿಕೊಂಡವನು ತಿರುಗಿ ಕೂತಿಲ್ಲ. ನನ್ನ ಸ್ಟ್ರೀಕ್ ಒಂದೂವರೆ ದಿನ.

ಅವನಿಗಾದರೂ ಬೇರೆ ದಾರಿ ಏನಿದೆ? ದುಡ್ಡಿದ್ದವರ ಮಕ್ಕಳು ಧಾರವಾಡದ ಸಪ್ತಾಪುರದಲ್ಲಿ ಖೋಲಿ ಹಿಡಿದು ಕೋಚಿಂಗ್ ಸೇರುತ್ತಾರೆ. ಇವನಪ್ಪನ ಮಗ್ಗದ ಕೂಲಿಯಲ್ಲಿ ಅಲ್ಲಿನ ಖೋಲಿ ಬಾಡಿಗೆಯೂ ಹುಟ್ಟುವುದಿಲ್ಲ. ತಿಂಗಳ ರೀಚಾರ್ಜಿನಲ್ಲಿ ಧಾರವಾಡವೇ ಮನೆಗೆ ಬರುತ್ತದೆ ಎಂದು ಹುಡುಗ ನಂಬಿದ್ದಾನೆ, ಅವನಪ್ಪನೂ ನಂಬಿದ್ದಾನೆ. ರಾತ್ರಿ ಅಪ್ಪನ ಫೋನು: ‘ಏನ್ ಮಾಡಾಕತ್ತೀ?’ ‘ಓದಾಕತ್ತೀನಪ್ಪಾ.’ ಆ ಕಡೆ ಮಗ್ಗದ ಸದ್ದು ಮಾತಿನ ನಡುವೆಯೂ ನಿಲ್ಲುವುದಿಲ್ಲ. ಫೋನಿಟ್ಟ ಮೇಲೆ ಅಳಿಯ ಒಂದು ಹತ್ತು ನಿಮಿಷ ನಿಜವಾಗಿಯೂ ಓದುತ್ತಾನೆ.

ಮೊನ್ನೆ ಅವನ ಕ್ವಿಜ್ ಆ್ಯಪಿನಲ್ಲಿ ಪ್ರಶ್ನೆ ಬಂತು, 1980ರ ರೈತ ಬಂಡಾಯ ನಡೆದ ಊರು ಯಾವುದು? ಕಣ್ಣು ಪಿಳುಕಿಸುವುದರೊಳಗೆ ‘ನರಗುಂದ’ ಒತ್ತಿ ಹತ್ತು ಕಾಯಿನ್ ಗಳಿಸಿದ. ಎರಡು ವರ್ಷದಿಂದ ಅದೇ ಊರಿನ ಅನ್ನ ಉಣ್ಣುತ್ತಿರುವವನು! ನನ್ನೊಳಗಿನ ಮಾಸ್ತರ ಎದ್ದು ಕೂತ. ಮಲಪ್ರಭೆಯ ನೀರು ಮುಟ್ಟದ ಹೊಲಕ್ಕೂ ಹಾಕಿದ ಅಭಿವೃದ್ಧಿ ಕರ, ಜುಲೈ 21ರಂದು ತಹಶೀಲ್ದಾರ್ ಕಚೇರಿ ಮುಂದೆ ನೆರೆದ ಮಂದಿ, ಗೋಲಿಬಾರು, ಗುಂಡಿಗೆ ಬಿದ್ದ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅವರ ವೀರಗಲ್ಲು, ಎಲ್ಲ ಹೇಳಿದೆ. ಮುಂದಿನ ಪ್ರಶ್ನೆಗೆ ಹದಿನೈದು ಸೆಕೆಂಡು ಓಡುತ್ತಿತ್ತು. ಹತ್ತಾಯಿತು, ಐದಾಯಿತು. ಅಳಿಯ ಫೋನನ್ನು ಮಗುಚಿ ಇಟ್ಟ.

‘ಅವತ್ತ ನೀವೆಲ್ಲಿದ್ರಿ ಮಾಮಾ?’

ಆಗ ನಾನು ಪಿಯುಸಿ. ಗದ್ದಲ ಕೇಳಿದ್ದೇ ತಡ, ನಮ್ಮವ್ವ ನನ್ನನ್ನು ಅಟ್ಟಕ್ಕೆ ಹತ್ತಿಸಿ ನಿಚ್ಚಣಿಕೆ ತೆಗೆದುಬಿಟ್ಟಿದ್ದಳು. ಕತ್ತಲಾಗುವವರೆಗೆ ಶೇಂಗಾ ಚೀಲದ ಹಿಂದೆ ಕೂತು ಶೇಂಗಾ ತಿಂದಿದ್ದೆ. ಮುಂದೆ ಮೂವತ್ತೆರಡು ವರ್ಷ ಈ ಪಾಠವನ್ನು, ಮುಂದಿನ ಸಾಲಿನಲ್ಲಿ ನಾನೇ ನಿಂತಿದ್ದೆನೋ ಎಂದು ಮಕ್ಕಳಿಗೆ ಅನಿಸುವ ಹಾಗೆ ಹೇಳಿದವನೂ ನಾನೇ. ಅಳಿಯ ನನ್ನ ಮುಖವನ್ನೇ ನೋಡುತ್ತಿದ್ದ. ಟಿಣ್ ಎಂದರೂ ಫೋನಿನ ಕಡೆ ತಿರುಗಲಿಲ್ಲ.

‘ನಾಕ್ ಆಯ್ಕಿ ಕೊಡು ತಮ್ಮಾ,’ ಅಂದೆ, ‘ಹೇಳ್ತೀನಿ.’